ಮಾಗಡಿ ದಾರಿಗೆ ನಮ್ಮ ಪಿಕಪ್ ಎತ್ತರಿಸಿದ್ದು, ಖರ್ಚಿನ ಲೆಕ್ಕದ ಸಮೇತ

ನಮ್ಮದು ಇಸುಜು ಡಿ-ಮ್ಯಾಕ್ಸ್ ಹೈ-ಲ್ಯಾಂಡರ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. 1.9 ಲೀಟರ್ ಡೀಸೆಲ್, 163 ಪಿಎಸ್, ಆರು ಗೇರು. ನೋಡೋಕೆ ಅದರ ಅಣ್ಣ ವಿ-ಕ್ರಾಸ್ ಥರಾನೇ ಇದೆ, ಆದರೆ ಫೋರ್ ವೀಲ್ ಡ್ರೈವ್ ಇಲ್ಲ. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ.

ಮನೆ ವಿಜಯನಗರ. ತೋಟ ಸಾವನದುರ್ಗದ ಆಚೆ, ನಾಲ್ಕು ಎಕರೆ. ಎರಡೂವರೆ ಎಕರೆ ಮಾವು, ಉಳಿದದ್ದರಲ್ಲಿ ರಾಗಿ, ಅವರೆ. ವಾರಕ್ಕೆ ಎರಡು ಸಲ ಹೋಗುತ್ತೇನೆ. ಹೋಗಿ ಬರೋಕೆ ನೂರು ಕಿಲೋಮೀಟರ್ ಚಿಲ್ಲರೆ. ಹೆಚ್ಚಿನ ದಿನ ಪಕ್ಕದ ಸೀಟಲ್ಲಿ ಅಮ್ಮ ಇರುತ್ತಾರೆ, ಎಪ್ಪತ್ತಾರು ವರ್ಷ. ಹಿಂದೆ ಒಂದೊಂದು ದಿನ ಖಾಲಿ, ಒಂದೊಂದು ದಿನ ಕೊಟ್ಟಿಗೆ ಗೊಬ್ಬರದ ಮೂಟೆ, ಸೀಸನ್ನಿನಲ್ಲಿ ಮಾವಿನ ಕ್ರೇಟು. ತಾವರೆಕೆರೆ ದಾಟುವವರೆಗೆ ಏನೂ ತೊಂದರೆ ಇಲ್ಲ. ಕೊನೆಯ ಒಂದೂವರೆ ಕಿಲೋಮೀಟರ್ ಮಾತ್ರ ಹಳೇ ಬಂಡಿ ಜಾಡು. ಟ್ರಾಕ್ಟರ್ ಓಡಾಡಿ ಎರಡು ಕಡೆ ಹಳ್ಳ ಬಿದ್ದಿದೆ, ನಡುವೆ ಗರಿಕೆ ಬೆಳೆದ ದಿಬ್ಬ.

ಹೋದ ವರ್ಷ ಜೂನ್‌ನಲ್ಲಿ ಜೋರು ಮಳೆಯಾದ ಮರುದಿನ ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ಉಜ್ಜಿತು. ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಪಕ್ಕದ ತೋಟದವರು ಟ್ರಾಕ್ಟರ್ ತಂದು ಎಳೆದರು. ಅವತ್ತೇ ನಿರ್ಧಾರ ಮಾಡಿಬಿಟ್ಟೆ, ಗಾಡಿ ಎತ್ತರ ಮಾಡಿಸಬೇಕು ಅಂತ. ಆಮೇಲಿನ ನಾಲ್ಕು ತಿಂಗಳಲ್ಲಿ ಆ ಕೆಲಸವನ್ನು ಎರಡು ಸಲ ಮಾಡಿಸಿದೆ. ಮೊದಲನೆಯದು ತಪ್ಪಾಯಿತು. ಎರಡನೆಯದು ಸರಿಯಾಗಿದೆ ಅಂತ ಈ ಮಳೆಗಾಲ ಪೂರ್ತಿ ಓಡಿಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ. ಎರಡು ಚಕ್ರದ ಡ್ರೈವ್ ಇರುವ ಪಿಕಪ್ಪನ್ನು ಕಡಿಮೆ ಖರ್ಚಿನಲ್ಲಿ ಎತ್ತರಿಸಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ವಿವರ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಡಿ-ಮ್ಯಾಕ್ಸ್‌ಗೆ ಒಂದು ಅನುಕೂಲ ಇದೆ. ಈ ಗಾಡಿ ಆಸ್ಟ್ರೇಲಿಯಾ, ಥಾಯ್ಲೆಂಡ್‌ಗಳಲ್ಲಿ ತುಂಬಾ ಓಡುತ್ತದೆ. ಅದಕ್ಕೇ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ಥರದ ಆಸ್ಟ್ರೇಲಿಯಾ ಕಂಪನಿಗಳು ಇದಕ್ಕೆ ಅಂತಲೇ ಪೂರ್ತಿ ಕಿಟ್ ಮಾಡುತ್ತವೆ. ಮುಂದೆ ಹೊಸ ಕಾಯಿಲ್ ಸ್ಪ್ರಿಂಗ್, ಹಿಂದೆ ಹೊಸ ಪ್ಲೇಟ್ ಕಟ್ಟು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಎಲ್ಲಾ ಒಂದೇ ಕಡೆ ಲೆಕ್ಕ ಹಾಕಿ ಮಾಡಿದ್ದು. ಅಂಥ ಒಂದು ಕಿಟ್ಟಿಗೆ ಫಿಟ್ಟಿಂಗ್ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರ ಅಂದರು. ದುಡ್ಡಿದ್ದರೆ ಅದೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹತ್ತಿರ ಇರಲಿಲ್ಲ. ಇನ್ನೊಂದೂ ಇದೆ. ಹಿಂದೆ ಯಾವಾಗಲೂ ಮುನ್ನೂರು ಕಿಲೋ ಸಾಮಾನು ಇಟ್ಟುಕೊಂಡು ದೂರದೂರಕ್ಕೆ ಹೋಗುವವರಿಗೆ ಅಂತ ಮಾಡುವ ಗಟ್ಟಿ ಪ್ಲೇಟು, ಖಾಲಿ ಗಾಡಿಯಲ್ಲಿ ಅಮ್ಮನ ಸೊಂಟಕ್ಕೆ ಆಗುವುದಿಲ್ಲ.

ಹಾಗಾಗಿ ಆಗಸ್ಟ್‌ನಲ್ಲಿ ಒಂದು ಫಿಟ್ಟಿಂಗ್ ಅಂಗಡಿಗೆ ಹೋದೆ. ಹೆಸರು ಬೇಡ. ಜೀಪು, ಥಾರ್ ಎಲ್ಲಾ ನಿಂತಿದ್ದವು, ನಂಬಿಕೆ ಬಂತು. ‘ಮೇಡಂ, ನಿಮ್ಮದು ಫೋರ್ ವೀಲ್ ಡ್ರೈವ್ ಅಲ್ಲ, ಮುಂದೆ ಡ್ರೈವ್ ಶಾಫ್ಟೇ ಇಲ್ಲ. ಎಷ್ಟು ಬೇಕಾದರೂ ಎತ್ತಬಹುದು’ ಅಂದರು. ಮುಂದೆ 30 ಎಂಎಂ ಸ್ಪೇಸರ್, ಹಿಂದೆ ಎರಡು ಇಂಚಿನ ಕಬ್ಬಿಣದ ಬ್ಲಾಕ್. ಬೆಳಗ್ಗೆ ಬಿಟ್ಟೆ, ಸಂಜೆ ಗಾಡಿ ಸಿಕ್ಕಿತು. ಒಟ್ಟು 18,500 ರೂಪಾಯಿ.

ಅವರು ಹೇಳಿದ್ದು ಅರ್ಧ ನಿಜ. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಶಾಫ್ಟ್ ಹೋಗುತ್ತದೆ. ಗಾಡಿ ಎತ್ತರವಾದಷ್ಟೂ ಆ ಶಾಫ್ಟ್ ಜಾಸ್ತಿ ಓರೆಯಾಗಿ, ಜಾಯಿಂಟ್ ಬೇಗ ಸವೆಯುತ್ತದೆ, ಅದರ ರಬ್ಬರ್ ಬೂಟ್ ಹರಿಯುತ್ತದೆ. ನಮ್ಮಂಥ ಗಾಡಿಗೆ ಆ ತಲೆನೋವು ಇಲ್ಲ, ಸರಿ. ಆದರೆ ಚಕ್ರವನ್ನು ಮೇಲಿನಿಂದ ಹಿಡಿದಿರುವ ಅಪ್ಪರ್ ಆರ್ಮ್ ಇದೆ, ಅದರ ತುದಿಯಲ್ಲಿ ತಿರುಗುವ ಕೀಲು, ಬಾಲ್ ಜಾಯಿಂಟ್ ಇದೆ, ಬ್ರೇಕ್ ಹೋಸ್ ಇದೆ, ಎಬಿಎಸ್ ವೈರ್ ಇದೆ. ಇವೆಲ್ಲಕ್ಕೂ ಇಷ್ಟೇ ದೂರ ಬಗ್ಗಬಹುದು, ಇಷ್ಟೇ ಎಳೆಯಬಹುದು ಅಂತ ಒಂದು ಮಿತಿ ಇದೆ. ಎಷ್ಟು ಚಕ್ರಕ್ಕೆ ಡ್ರೈವ್ ಇದೆ ಅನ್ನೋದಕ್ಕೂ ಈ ಮಿತಿಗೂ ಸಂಬಂಧವೇ ಇಲ್ಲ.

ಸ್ಪೇಸರ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಮುಂದಿನ ಶಾಕ್ ಮತ್ತು ಕಾಯಿಲ್ ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬದ ಥರ ನಿಂತಿರುತ್ತವೆ. ಅದರ ತಲೆ ಮತ್ತು ಗಾಡಿಯ ಚಾಸಿ (ಅಡಿಯ ಚೌಕಟ್ಟು) ಸೇರುವ ಜಾಗದಲ್ಲಿ ಒಂದು ದಪ್ಪ ಬಿಲ್ಲೆ ಕೂರಿಸುತ್ತಾರೆ. ಅದೇ ಸ್ಪೇಸರ್. ಕಂಬದ ಬುಡ ಕೆಳಗಿನ ಆರ್ಮ್‌ನ ನಡುವೆ ಕೂತಿರುತ್ತದೆ, ಚಕ್ರ ಆರ್ಮ್‌ನ ತುದಿಯಲ್ಲಿ. ಹಾಗಾಗಿ ಬಿಲ್ಲೆ ಎಷ್ಟು ದಪ್ಪವೋ ಗಾಡಿ ಅದರ ಸುಮಾರು ಎರಡರಷ್ಟು ಏಳುತ್ತದೆ. ಅಂಗಡಿಯಲ್ಲಿ ‘30 ಎಂಎಂ’ ಅಂದಾಗ ಮೂರು ಸೆಂಟಿಮೀಟರ್ ಏಳುತ್ತೆ ಅಂದುಕೊಂಡಿದ್ದೆ. ಎದ್ದಿದ್ದು ಹತ್ತಿರ ಹತ್ತಿರ ಆರು. ನೀವು ಕೇಳುವಾಗ ಬಿಲ್ಲೆಯ ದಪ್ಪ ಕೇಳಬೇಡಿ, ಗಾಡಿ ಎಷ್ಟು ಏಳುತ್ತದೆ ಅಂತ ಕೇಳಿ.

ಮೊದಲ ದಿನ ಖುಷಿಯೋ ಖುಷಿ. ಸುಮನಹಳ್ಳಿ ಹತ್ತಿರ ಬಂದಾಗ ಬಸ್ಸಿನ ಡ್ರೈವರ್ ಮುಖ ನೇರ ಕಾಣುವಷ್ಟು ಎತ್ತರ ಅನ್ನಿಸಿತು. ಎರಡನೇ ದಿನ ಶಬ್ದ ಶುರುವಾಯಿತು. ಹಂಪ್ ಹತ್ತುವಾಗ ಏನೂ ಇಲ್ಲ. ಇಳಿಯುವಾಗ, ಮುಂದಿನ ಚಕ್ರ ಹಂಪಿನಿಂದ ಕೆಳಕ್ಕೆ ಬೀಳುವ ಹೊತ್ತಿಗೆ, ಕಾಲಡಿ ‘ಠಕ್’. ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಹಾಗೆ. ನಮ್ಮ ಮಾಗಡಿ ರಸ್ತೆಯ ಹಂಪುಗಳ ಲೆಕ್ಕ ನಿಮಗೇ ಗೊತ್ತು. ಚಕ್ರ ಪೂರ್ತಿ ಕೆಳಕ್ಕೆ ಜೋತುಬಿದ್ದಾಗ ಕಬ್ಬಿಣ ಕಬ್ಬಿಣಕ್ಕೆ ತಗುಲುವ ಶಬ್ದ ಅದು ಅಂತ ಆಮೇಲೆ ತಿಳಿಯಿತು. ಅಂಗಡಿಗೆ ಫೋನ್ ಮಾಡಿದರೆ ‘ಸೆಟ್ ಆಗುತ್ತೆ ಮೇಡಂ, ಸ್ವಲ್ಪ ಓಡಿಸಿ’ ಅಂದರು. ಸೆಟ್ ಆಗಲಿಲ್ಲ.

ಹಿಂದಿನ ಬ್ಲಾಕ್ ಇನ್ನೊಂದು ತೊಂದರೆ ತಂದಿತು. ಬ್ಲಾಕ್ ಅಂದರೆ ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್ ಮತ್ತು ಪ್ಲೇಟ್ ಕಟ್ಟಿನ ನಡುವೆ ಇಡುವ ಕಬ್ಬಿಣದ ಇಟ್ಟಿಗೆ. ಎತ್ತರಿಸೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಮೊದಲನೇ ಗೇರಿನಲ್ಲಿ ಗಟ್ಟಿಯಾಗಿ ಎಳೆಯುವಾಗ ಆಕ್ಸಲ್ ತನ್ನಷ್ಟಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ನಡುವೆ ಎರಡು ಇಂಚು ಇಟ್ಟಿಗೆ ಇದ್ದರೆ ಆ ತಿರುಚುವ ಬಲ ಪ್ಲೇಟಿನ ಮೇಲೆ ಇನ್ನೂ ಜಾಸ್ತಿ ಬೀಳುತ್ತದೆ. ತೋಟದ ಏರಿನಲ್ಲಿ ಕ್ಲಚ್ ಬಿಟ್ಟರೆ ಹಿಂದಿನಿಂದ ದಡದಡ ಅಂತ ಅದುರು. 360 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಆ ಎರಡೇ ಚಕ್ರಕ್ಕೆ ಹೋಗುತ್ತದಲ್ವಾ, ಫೋರ್ ವೀಲ್ ಗಾಡಿಯಲ್ಲಿ ಹಂಚಿಕೊಳ್ಳುವ ಹಾಗೆ ಇಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ. ಅದರ ಮೇಲೆ, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟ್ ಈ ಉದ್ದ ಗಾಡಿಯಲ್ಲಿ ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಹಿಂದೆ ಎತ್ತಿದಾಗ ಶಾಫ್ಟಿನ ಕೋನ ಬದಲಾಗಿ, ನಿಂತಲ್ಲಿಂದ ಹೊರಡುವಾಗ ಸೀಟಿನ ಕೆಳಗೆ ಒಂಥರಾ ನಡುಕ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಸಹಿಸಲು ಆಗದ್ದು ಎರಡು. ಒಂದು, ಅಮ್ಮನಿಗೆ ಹತ್ತಲು ಆಗಲಿಲ್ಲ. ಪಕ್ಕದ ಹಿಡಿ ಹಿಡಿದು ಒಂದು ಕಾಲು ಮೇಲಿಟ್ಟು, ‘ಆಗಲ್ಲ ಕಣೇ, ನೀನೇ ಹೋಗಿ ಬಾ’ ಅಂದರು. ನಲವತ್ತು ವರ್ಷ ಆ ತೋಟ ನೋಡಿಕೊಂಡವರು ಅವರು. ಎರಡು, ಟೈರು. ಸುಮಾರು ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಭಾನುವಾರ ಗಾಡಿ ತೊಳೆಯುವಾಗ ಮುಂದಿನ ಎಡ ಟೈರಿನ ಮೇಲೆ ಕೈಯಾಡಿಸಿದೆ. ಹೊರ ಅಂಚಿನ ಕಡೆ ರಬ್ಬರಿನ ಉಬ್ಬುಗಳು ಗರಗಸದ ಹಲ್ಲಿನ ಹಾಗೆ. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಸವರಿದರೆ ಬೆರಳಿಗೆ ಚುಚ್ಚುತ್ತದೆ. ಹೊರ ಅಂಚು ಅರ್ಧ ಸವೆದೇ ಹೋಗಿತ್ತು. ಎತ್ತರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಕೊಟ್ಟಿದ್ದೇವೆ ಅಂದಿದ್ದರು. ಅಳತೆಯ ಪ್ರಿಂಟ್ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ದಯವಿಟ್ಟು ಪ್ರಿಂಟ್ ಕೇಳಿ. ಇಡೀ ಕೆಲಸದಲ್ಲಿ ನಿಮ್ಮ ಕೈಗೆ ಸಿಗುವ ಒಂದೇ ಒಂದು ಸಾಕ್ಷಿ ಅದು. ಮುಂಭಾಗ ಎತ್ತಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ, ಅದು ಕ್ಯಾಂಬರ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಅದು ಕ್ಯಾಸ್ಟರ್, ಅದೂ ಕಮ್ಮಿಯಾಗುತ್ತದೆ. ಕ್ಯಾಸ್ಟರ್ ಕಮ್ಮಿಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನಾವೇ ಎಳೆದು ತರಬೇಕು. ನೈಸ್ ರಸ್ತೆಯಲ್ಲಿ ನನಗೆ ಅದೇ ಆಗುತ್ತಿತ್ತು. ಗಾಡಿ ತೇಲಿದ ಹಾಗೆ. ಬರೀ ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು, ಸರಿಮಾಡಿ ಕಳಿಸಿದರೆ ಸಾಲದು, ಮೂರೂ ನೋಡಬೇಕು.

ಎರಡನೇ ಸಲ ಹೋದದ್ದು ಕಾಮಾಕ್ಷಿಪಾಳ್ಯದ ಒಳಗಡೆ, ಒಂದು ಸಣ್ಣ ಪ್ಲೇಟ್ ಕೆಲಸದ ಶೆಡ್ಡಿಗೆ. ಬೋರ್ಡ್ ಕೂಡ ಮಾಸಿಹೋಗಿದೆ. ಮುಂದೆ ಎರಡು ಟೆಂಪೊ, ಒಂದು ಸ್ಕೂಲ್ ಬಸ್ಸು, ನೆಲದ ತುಂಬ ಹಳೇ ಪ್ಲೇಟುಗಳು. ಸಾಮಾನು ಸಾಗಿಸುವ ಗಾಡಿಗಳ ಜನವೇ ಅಲ್ಲಿಗೆ ಬರುವುದು. ನಮ್ಮ ಬೀದಿಯ ನೀರಿನ ಟ್ಯಾಂಕರ್ ಡ್ರೈವರ್ ಹೇಳಿದ್ದಕ್ಕೆ ಹೋದೆ. ಮೇಸ್ತ್ರಿಗೆ ಅರವತ್ತು ದಾಟಿದೆ. ನಾನು ‘ಎಷ್ಟು ಎತ್ತಬಹುದು ಅಣ್ಣಾ’ ಅಂತ ಕೇಳಿದರೆ ಅವರು ‘ಮೊದಲು ಏನು ತಗುಲುತ್ತೆ ಅಂತ ಹೇಳಮ್ಮ’ ಅಂದರು.

ನನಗೆ ಗೊತ್ತಿರಲಿಲ್ಲ. ಅಡಿಯಲ್ಲಿ ಏನೋ ತಗುಲುತ್ತೆ ಅಂದೆ.

ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರು. ಅವರೇ ಬ್ಯಾಟರಿ ಹಿಡಿದು, ಕೆಳಗೆ ಹಾಸಿದ್ದ ರಟ್ಟಿನ ಮೇಲೆ ನನ್ನನ್ನೂ ಕೂರಿಸಿ ತೋರಿಸಿದರು. ಹಿಂದಿನ ಆಕ್ಸಲ್ ಮಧ್ಯೆ ಕುಂಬಳಕಾಯಿಯ ಹಾಗೆ ದುಂಡಗೆ, ಎರಡೂ ಚಕ್ರಕ್ಕೆ ಬಲ ಹಂಚುವ ಗೇರಿನ ಗೂಡು, ಡಿಫ್ರೆನ್ಷಿಯಲ್ ಇದೆಯಲ್ಲ, ಅದರ ಹೊಟ್ಟೆಯ ಮೇಲೆ ಉದ್ದಕ್ಕೆ ಗೀರು. ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು, ಗೀರಿನ ತುದಿಯಲ್ಲಿ ಕೆಮ್ಮಣ್ಣು ಒಣಗಿ ಅಂಟಿತ್ತು. ಮುಂದೆ ಚಾಸಿಯ ಅಡ್ಡಪಟ್ಟಿ, ಕ್ರಾಸ್ ಮೆಂಬರಿನ ಮೇಲೆ ಸಣ್ಣ ಉಜ್ಜು. ಬೇರೆಲ್ಲೂ ಇಲ್ಲ.

‘ಇದು ಆಕ್ಸಲ್‌ಗೇ ಸೇರಿದ್ದು. ಪ್ಲೇಟ್ ಮೇಲೆ ಏನು ಇಟ್ಟರೂ ಗಾಡಿ ಏಳುತ್ತೆ, ಇದು ಏಳಲ್ಲ. ಟೈರ್ ದೊಡ್ಡದು ಮಾಡಿದರೆ ಮಾತ್ರ ಏಳುತ್ತೆ’ ಅಂದರು.

ಎಷ್ಟು ಸರಳವಾದ ಮಾತು! ಹಿಂದಿನ ಆಕ್ಸಲ್ ಚಕ್ರದಿಂದ ಚಕ್ರಕ್ಕೆ ಒಂದೇ ದೂಲ. ಅದು ನೆಲದಿಂದ ಎಷ್ಟು ಎತ್ತರ ಅನ್ನೋದನ್ನು ಟೈರೇ ತೀರ್ಮಾನಿಸುತ್ತದೆ. ನಾನು 18,500 ಕೊಟ್ಟು ಬಾಡಿ ಎತ್ತಿಸಿದ್ದೆ, ದಿಬ್ಬಕ್ಕೆ ತಗುಲುತ್ತಿದ್ದದ್ದು ಮಾತ್ರ ಇದ್ದಲ್ಲೇ ಇತ್ತು. ಈ ಮಾತನ್ನು ಮೊದಲ ಅಂಗಡಿಯವರು ಹೇಳಬೇಕಿತ್ತು ಅಂತ ಇವತ್ತಿಗೂ ಬೇಜಾರಿದೆ.

ಆಮೇಲೆ ಮುಂದಿನ ಚಕ್ರ ತೋರಿಸಿದರು. ಚಕ್ರ ಜೋತಾಡುತ್ತಿತ್ತು. ಅಪ್ಪರ್ ಆರ್ಮ್ ಕೆಳಕ್ಕೆ ಬಂದು ಕಾಯಿಲ್ ಸ್ಪ್ರಿಂಗ್ ಹತ್ತಿರ ನಿಂತಿತ್ತು. ನಡುವೆ ನನ್ನ ಕಿರುಬೆರಳು ಹೋಗಲಿಲ್ಲ. ಮೇಸ್ತ್ರಿ ಜೇಬಿನಿಂದ ಒಂದು ಬಿಲ್ಲು ತೆಗೆದು ತೂರಿಸಿದರು, ಕಾಗದ ಸಿಕ್ಕಿಕೊಂಡಿತು. ಸ್ಪ್ರಿಂಗಿನ ಬಣ್ಣದ ಮೇಲೆ ಉಗುರಿನಷ್ಟು ಹೊಳೆಯುವ ಗಾಯ. ಬಾಲ್ ಜಾಯಿಂಟ್ ಅದರ ಕೊನೆಯ ಕೋನದಲ್ಲಿ ಓರೆಯಾಗಿ ನಿಂತಿತ್ತು. ಬ್ರೇಕ್ ಹೋಸ್ ಬಿಗಿದ ದಾರದ ಹಾಗೆ. ಹಳ್ಳದಲ್ಲಿ ಚಕ್ರ ಬಿದ್ದಾಗಲೆಲ್ಲ ಹೀಗೇ ಆಗುತ್ತಿತ್ತು ಅಂತ ನೆನೆಸಿಕೊಂಡರೆ ಭಯವಾಯಿತು. ಎತ್ತರಿಸುವ ಕೆಲಸ ಯಾರು ಮಾಡಿದರೂ, ಮುಗಿದ ಮೇಲೆ ಚಕ್ರ ಪೂರ್ತಿ ಜೋತಾಡಿಸಿ ಇದನ್ನು ತೋರಿಸಿ ಅಂತ ಕೇಳಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೊಂದು ಸಲ ನೋಡಿ.

ಈಗ ಗಾಡಿಯಲ್ಲಿ ಇರುವುದು ಇಷ್ಟು. ಮುಂದೆ 30ರ ಬಿಲ್ಲೆ ತೆಗೆದು 15 ಎಂಎಂ ಸ್ಪೇಸರ್. ಹಿಂದೆ ಬ್ಲಾಕ್ ಪೂರ್ತಿ ತೆಗೆದು, ಪ್ರತಿ ಕಡೆಯ ಕಟ್ಟಿಗೆ ಒಂದೊಂದು ಹೊಸ ಪ್ಲೇಟ್ ಸೇರಿಸಿದ್ದು. ನಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನವರು ಚೆನ್ನಾಗಿ ಲೋಡ್ ಹಾಕಿ ಓಡಿಸಿದ್ದರು, ಪ್ಲೇಟು ಕಮಾನು ಬಿಟ್ಟು ಚಪ್ಪಟೆಯಾಗಿತ್ತು. ಹಳೇ ಪ್ಲೇಟನ್ನೇ ಬಡಿದು ಬಗ್ಗಿಸಿ ಕೊಡಿ ಅಂದೆ, ಕಮ್ಮಿ ಖರ್ಚಲ್ವಾ ಅಂತ. ‘ಬಡಿದರೆ ಏಳುತ್ತೆ, ಆರು ತಿಂಗಳಿಗೆ ಮತ್ತೆ ಕೂರುತ್ತೆ. ಸರಿಯಾಗಿ ಕಾಯಿಸಿ, ಎಣ್ಣೆಯಲ್ಲಿ ಹದ ಮಾಡಬೇಕು, ಆ ಕುಲುಮೆ ನನ್ನ ಹತ್ತಿರ ಇಲ್ಲ’ ಅಂತ ನೇರವಾಗಿ ಹೇಳಿದರು. ತನ್ನ ಹತ್ತಿರ ಇಲ್ಲದ್ದನ್ನು ಇಲ್ಲ ಅನ್ನುವವರ ಹತ್ತಿರ ಕೆಲಸ ಮಾಡಿಸಲು ನೆಮ್ಮದಿ.

ಖರ್ಚು: ಸ್ಪೇಸರ್ ಒಂದು ಜೊತೆ 4,200. ಎರಡು ಪ್ಲೇಟ್ 6,800. ಪ್ಲೇಟ್ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ನಾಲ್ಕು, 1,600. ಬುಷ್ಷು 1,400. ಹಿಂದಿನ ಶಾಕ್ ಅಬ್ಸಾರ್ಬರ್ ಎರಡು, ಮಾಮೂಲಿ ಅಳತೆಯದೇ, ಜೆ.ಸಿ. ರಸ್ತೆಯಲ್ಲಿ ನಾನೇ ಹೋಗಿ ತಂದದ್ದು 7,600. ಅಲೈನ್‌ಮೆಂಟ್ ಬೇರೆ ಕಡೆ, ಪ್ರಿಂಟ್ ಸಮೇತ 1,200. ಮೇಸ್ತ್ರಿಯ ಕೂಲಿ 4,500. ಒಟ್ಟು 27,300. ಮೊದಲೇ ಇಲ್ಲಿಗೆ ಬಂದಿದ್ದರೆ ಆ 18,500 ಉಳಿಯುತ್ತಿತ್ತು, ಮುಂದಿನ ಟೈರೂ ಉಳಿಯುತ್ತಿತ್ತು.

ಯು ಬೋಲ್ಟ್ ಬಗ್ಗೆ ಮೇಸ್ತ್ರಿ ತುಂಬಾ ಕಟ್ಟುನಿಟ್ಟು. ಹಳೇದನ್ನು ಮತ್ತೆ ಹಾಕಲಿಲ್ಲ. ಒಂದು ಸಲ ಪೂರ್ತಿ ಬಿಗಿದ ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಅಷ್ಟೇ ಹಿಡಿತ ಕೊಡುವುದಿಲ್ಲ. ಹೊಸದು ಹಾಕಿದ ಮೇಲೂ ಐನೂರು ಕಿಲೋಮೀಟರ್ ಒಳಗೆ ವಾಪಸ್ ಬಂದು ಬಿಗಿಸಿಕೊಂಡು ಹೋಗಬೇಕು ಅಂದರು. ಹೋದೆ. ನನ್ನ ಕಣ್ಣೆದುರಿಗೇ ನಾಲ್ಕೂ ಬೋಲ್ಟ್ ಕಾಲು ಸುತ್ತು ತಗೊಂಡವು. ಹೊಸ ಪ್ಲೇಟು ಒಂದರ ಮೇಲೊಂದು ಕೂತುಕೊಳ್ಳುವಾಗ ಅಷ್ಟು ಸಡಿಲವಾಗುತ್ತದೆಯಂತೆ. ಆ ಸಡಿಲದಲ್ಲೇ ಓಡಿಸಿದರೆ ನಡುವಿನ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಓರೆಯಾಗುತ್ತದೆ.

ಅಳತೆ ಹೇಳುತ್ತೇನೆ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ. ಚಕ್ರದ ನಡು ಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿಯಬೇಕು. ಮುಂದೆ ಮೊದಲು 498 ಎಂಎಂ ಇತ್ತು, ಈಗ 526. ಹಿಂದೆ ಕೂತುಹೋಗಿದ್ದಾಗ 512, ಈಗ 541. ಅಂದರೆ ಎರಡೂ ಕಡೆ ಮೂರು ಸೆಂಟಿಮೀಟರ್ ಹತ್ತಿರ. ಹಿಂದೆ ಆದದ್ದರಲ್ಲಿ ಬಹುಪಾಲು ಕಳೆದುಹೋಗಿದ್ದ ಎತ್ತರವೇ ವಾಪಸ್ ಬಂದದ್ದು. ಅದಕ್ಕೇ ಮಾಮೂಲಿ ಅಳತೆಯ ಶಾಕ್ ಸಾಕಾಯಿತು. ಪಿಕಪ್‌ಗಳ ಹಿಂಭಾಗ ಖಾಲಿ ಇದ್ದಾಗ ಸ್ವಲ್ಪ ಮೇಲೇ ಇರುತ್ತದೆ, ಲೋಡ್ ಬಿದ್ದಾಗ ಸಮ ಬರಲಿ ಅಂತ ಹಾಗೆ ಮಾಡಿರುತ್ತಾರೆ. ನಿಮ್ಮ ಪ್ಲೇಟು ಚೆನ್ನಾಗಿದ್ದರೆ, ಗಾಡಿ ಹೆಚ್ಚಾಗಿ ಖಾಲಿ ಓಡಾಡುವುದಾದರೆ, ಹಿಂದೆ ಮುಟ್ಟಲೇಬೇಡಿ. ಮುಂದೆ ಮೂರು ಸೆಂಟಿಮೀಟರ್ ಸಾಕು.

ಓಡಿಸೋಕೆ ಹೇಗಿದೆ? ಹಂಪ್ ಇಳಿಯುವಾಗಿನ ‘ಠಕ್’ ಹೋಯಿತು. ಹೊರಡುವಾಗಿನ ನಡುಕ ಹೋಯಿತು. ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತದೆ. ಗೊಬ್ಬರದ ಹತ್ತು ಮೂಟೆ ಹಾಕಿದಾಗ ಮೊದಲಿನ ಹಾಗೆ ಬಾಲ ನೆಲಕ್ಕೆ ಇಳಿಯುವುದಿಲ್ಲ, ಗಾಡಿ ಸಮನಾಗಿ ನಿಲ್ಲುತ್ತದೆ. ಖಾಲಿ ಇದ್ದಾಗ ಮಾತ್ರ ಹಿಂದೆ ಗಡುಸು. ಸುಂಕದಕಟ್ಟೆಯ ಹತ್ತಿರ ರಸ್ತೆ ಕೆಟ್ಟಿರುವ ಕಡೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಕುಲುಕು ಜಾಸ್ತಿ. ಒಂದು ಪ್ಲೇಟ್ ಸೇರಿಸಿದರೆ ಅಷ್ಟು ಬೆಲೆ ಕೊಡಲೇಬೇಕು. ಅಮ್ಮ ಮುಂದೆ ಕೂರುತ್ತಾರೆ, ಅವರಿಗೆ ಗೊತ್ತಾಗುವುದಿಲ್ಲ.

ಹೆಡ್‌ಲೈಟ್ ಮರೆಯಬೇಡಿ. ಮೊದಲ ಸಲ ಯಾರೂ ಮುಟ್ಟಿರಲಿಲ್ಲ. ರಾತ್ರಿ ತಾವರೆಕೆರೆ ಕಡೆಯಿಂದ ಬರುವಾಗ ಎದುರಿನವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು, ನಾನು ಡಿಮ್‌ನಲ್ಲೇ ಇದ್ದೆ. ಬೆಳಕು ನೇರ ಅವರ ಕಣ್ಣಿಗೆ ಹೋಗುತ್ತಿತ್ತು. ಗೋಡೆಗೆ ಬಿಟ್ಟು ಇಳಿಸಿಕೊಳ್ಳಲು ಹತ್ತು ನಿಮಿಷದ ಕೆಲಸ. ಇನ್ನೊಂದು, ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸರಳು ಕಟ್ಟಿರುತ್ತದೆ. ಗಾಡಿ ಎಷ್ಟು ಕುಗ್ಗಿದೆ ಅಂತ ನೋಡಿ, ಅದರ ಪ್ರಕಾರ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಅದು. ಹಿಂದೆ ಎತ್ತಿದರೆ ಲೋಡ್ ಇದ್ದರೂ ಅದಕ್ಕೆ ಖಾಲಿ ಅನ್ನಿಸಿ ಹಿಂದಿನ ಬ್ರೇಕ್ ಕಮ್ಮಿಯಾಗುತ್ತದೆ. ನಿಮ್ಮ ಗಾಡಿಯಲ್ಲಿ ಇದ್ದರೆ ಅದನ್ನೂ ಸರಿಮಾಡಿಸಲೇಬೇಕು.

ಕಾನೂನಿನ ಮಾತು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು, ಕೊನೆಗೆ ತಿಳಿದುಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯವರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಕೈ ಹಾಕುವ ಮುಂಚೆ ಆರ್‌ಟಿಒದಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ನಾನು ನಮ್ಮ ಏಜೆಂಟರಿಗೆ ಮೇಲ್ ಹಾಕಿ, ಮೇಸ್ತ್ರಿಯ ಬಿಲ್ಲು ಸೇರಿಸಿ, ಉತ್ತರ ತೆಗೆದಿಟ್ಟುಕೊಂಡಿದ್ದೇನೆ. ನಾಳೆ ಏನಾದರೂ ಆಗಿ ಕ್ಲೇಮ್ ನಿಂತರೆ ಉಳಿಸಿದ ಲಕ್ಷಕ್ಕಿಂತ ಜಾಸ್ತಿ ಹೋಗುತ್ತದೆ. ಎರಡನೇ ಸಲ ಅಷ್ಟು ಕಮ್ಮಿ ಎತ್ತಿಸಿದ್ದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಆ ಡಿಫ್ರೆನ್ಷಿಯಲ್ ಕಥೆ ಏನಾಯಿತು ಅಂತ ಕೇಳುತ್ತೀರಿ. ಟೈರ್ ದೊಡ್ಡದು ಮಾಡುವ ಲೆಕ್ಕ ಹಾಕಿದೆ. ನಮ್ಮ ಟೈರಿನ ಅಳತೆ 245/70 ಆರ್16 (70 ಅಂದರೆ ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ). ಅದನ್ನು 245/75 ಮಾಡಿದರೆ ಟೈರಿನ ಒಟ್ಟು ಎತ್ತರ 24 ಎಂಎಂ ಜಾಸ್ತಿಯಾಗುತ್ತದೆ. ಆಕ್ಸಲ್ ಏಳುವುದು ಅದರ ಅರ್ಧ, 12 ಎಂಎಂ. ಒಂದು ಬೆರಳಿನಷ್ಟೂ ಅಲ್ಲ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62ರಲ್ಲಿ ಇರುತ್ತದೆ. ಅಷ್ಟಕ್ಕಾಗಿ ಅಳತೆ ಬದಲಾಯಿಸಲು ಮನಸ್ಸು ಬರಲಿಲ್ಲ. ಅದೇ ಅಳತೆಯಲ್ಲಿ ಮಣ್ಣು, ಟಾರು ಎರಡಕ್ಕೂ ಆಗುವ ಆಲ್ ಟೆರೈನ್ ಟೈರ್ ನಾಲ್ಕು ಹಾಕಿಸಿದೆ, 42,000 ಆಯಿತು. ಇಡೀ ಖರ್ಚಿನಲ್ಲಿ ಇದೇ ದೊಡ್ಡದು, ಇದೇ ಸಾರ್ಥಕ. ಎತ್ತರ ಬೇರೆ, ಹಿಡಿತ ಬೇರೆ. ಹಿಂದಿನ ಚಕ್ರಕ್ಕೆ ಮಾತ್ರ ಬಲ ಇರುವ ಗಾಡಿಯಲ್ಲಿ ಹಿಂಭಾಗ ಖಾಲಿ ಇದ್ದರೆ ಒದ್ದೆ ಕೆಮ್ಮಣ್ಣಿನಲ್ಲಿ ಚಕ್ರ ಸುಮ್ನೆ ಸುತ್ತುತ್ತದೆ. ಗಾಡಿಯನ್ನು ಆಕಾಶಕ್ಕೆ ಎತ್ತಿದರೂ ಅದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಈಗ ಐವತ್ತು ಕಿಲೋದ ನಾಲ್ಕು ಮರಳು ಮೂಟೆ ಸರಿಯಾಗಿ ಆಕ್ಸಲ್ ಮೇಲೆ ಬರುವ ಹಾಗೆ ಇಟ್ಟು, ಜಾರದಂತೆ ಹಗ್ಗ ಕಟ್ಟುತ್ತೇನೆ. ಜಾಡು ಶುರುವಾಗುವ ಹುಣಸೆ ಮರದ ಹತ್ತಿರ ನಿಲ್ಲಿಸಿ ಟೈರಿನ ಗಾಳಿ 22 ಪಿಎಸ್‌ಐಗೆ ಇಳಿಸುತ್ತೇನೆ. ಟೈರ್ ಅಗಲವಾಗಿ ಮಣ್ಣನ್ನು ಹಿಡಿಯುತ್ತದೆ. ವಾಪಸ್ ಟಾರು ಸಿಕ್ಕಿದ ತಕ್ಷಣ ಬ್ಯಾಟರಿಗೆ ಹಾಕುವ ಸಣ್ಣ ಪಂಪಿನಲ್ಲಿ ತುಂಬಿಸುತ್ತೇನೆ, 2,900ಕ್ಕೆ ತಂದದ್ದು. ಮರೆತು ಹಾಗೇ ಜೋರಾಗಿ ಓಡಿಸಿದರೆ ಟೈರ್ ಕಾದು ಹಾಳಾಗುತ್ತದೆ.

ಆ ದಿಬ್ಬವನ್ನು ಜನವರಿಯಲ್ಲಿ ತೆಗೆಸಿಬಿಟ್ಟೆವು. ಜಾಡು ಬಳಸುವ ಮೂರೂ ತೋಟದವರನ್ನು ಕೇಳಿ, ಪಕ್ಕದ ಊರಿನಲ್ಲಿ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ಎರಡು ಗಂಟೆ ಕರೆಸಿದೆ. ನಡುವಿನ ಮಣ್ಣು ಕೆರೆದು ಎರಡೂ ಹಳ್ಳಕ್ಕೆ ತುಂಬಿಸಿ, ಮೇಲೆ ಒಂದು ಟ್ರಾಕ್ಟರ್ ಗ್ರಾವೆಲ್ ಹಾಕಿಸಿದೆವು. ಜೆಸಿಬಿ, ಗ್ರಾವೆಲ್ ಎರಡೂ ಸೇರಿ 6,300 ರೂಪಾಯಿ. ಈ ಮಳೆಗಾಲದಲ್ಲಿ ಒಂದು ಸಲವೂ ಅಡಿ ಉಜ್ಜಲಿಲ್ಲ.

ನವೆಂಬರಿನಿಂದ ಇಲ್ಲಿಗೆ ಹನ್ನೊಂದು ತಿಂಗಳು, ಹತ್ತು ಸಾವಿರ ಕಿಲೋಮೀಟರ್ ಹತ್ತಿರ. ಹಿಂದಿನ ಅಳತೆ 541 ಇದ್ದದ್ದು ಈಗ 538, ಅಷ್ಟು ಕೂತಿದೆ. ಟೈರ್ ನಾಲ್ಕೂ ಸಮನಾಗಿ ಸವೆಯುತ್ತಿವೆ, ಪ್ರತಿ ಭಾನುವಾರ ಕೈಯಾಡಿಸಿ ನೋಡುತ್ತೇನೆ. ಮಳೆ ನಿಂತ ಮೇಲೆ ಒಂದು ಸಲ ಬಂದು ಯು ಬೋಲ್ಟ್ ತೋರಿಸಿ ಹೋಗಮ್ಮ ಅಂತ ಮೇಸ್ತ್ರಿ ಹೇಳಿದ್ದರು, ಬರುವ ಶನಿವಾರ ಹೋಗಬೇಕು. ಅಮ್ಮನಿಗೆ ಮೊದಲಿಗಿಂತ ಮೂರು ಸೆಂಟಿಮೀಟರ್ ಎತ್ತರ ಈಗಲೂ ಇದೆ. ಅದಕ್ಕೆ ಶೆಡ್ಡಿನ ಹುಡುಗನೇ ಒಂದು ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕಿ, ಮೇಲೆ ಹಳೇ ಟೈರಿನ ರಬ್ಬರ್ ಅಂಟಿಸಿ ಕೊಟ್ಟ. ಸೀಟಿನ ಹಿಂದೆ ಇಟ್ಟುಕೊಂಡಿರುತ್ತೇನೆ. ಅಮ್ಮ ಅದರ ಮೇಲೆ ಕಾಲಿಟ್ಟು, ಹಿಡಿ ಹಿಡಿದು, ಒಬ್ಬರೇ ಹತ್ತುತ್ತಾರೆ.